ಪ್ರಿ-ಮೆಡ್ ಮಾಡುವ ಮಕ್ಕಳಿಗೆ: ಮೊದಲು ಕೆಮಿಸ್ಟ್ರಿ ಸಾಲು ಹಾಕಿಕೊಳ್ಳಿ

ಅಮೆರಿಕದಲ್ಲಿ ಕಾಲೇಜು ಸೇರುತ್ತಿರುವ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ನಮ್ಮೂರಲ್ಲಿ ಪಿಯುಸಿ ಆದಮೇಲೆ ನೀಟ್ ಬರೆದು ನೇರ ಎಂಬಿಬಿಎಸ್ ಸೇರಬಹುದು. ಇಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್ ಸ್ಕೂಲ್. ಡಿಗ್ರಿ ಓದುತ್ತಲೇ ಮೆಡಿಕಲ್ ಸ್ಕೂಲಿಗೆ ತಯಾರಾಗುವುದೇ ಪ್ರಿ-ಮೆಡ್. ಬಯಾಲಜಿಯನ್ನೇ ಮೇಜರ್ (ಮುಖ್ಯ ವಿಷಯ) ಆಗಿ ತಗೋಬೇಕು ಅಂತೇನಿಲ್ಲ. ಇತಿಹಾಸ, ಸಂಗೀತ ಓದಿದರೂ ಸರಿ, ಬೇಕಾದ ಕೋರ್ಸ್‌ಗಳು ಮುಗಿದಿರಬೇಕು ಅಷ್ಟೇ.

ಎಡವಟ್ಟಾಗುವುದು ಕೆಮಿಸ್ಟ್ರಿಯಲ್ಲಿ. ಜನರಲ್ ಕೆಮಿಸ್ಟ್ರಿ ಮುಗಿಯದೆ ಆರ್ಗ್ಯಾನಿಕ್ ಕೊಡುವುದಿಲ್ಲ, ಆರ್ಗ್ಯಾನಿಕ್ ಇಲ್ಲದೆ ಸಾಮಾನ್ಯವಾಗಿ ಬಯೋಕೆಮಿಸ್ಟ್ರಿ ಇಲ್ಲ. ಮೂರನೇ ವರ್ಷದ ಕೊನೆಗೆ ಎಂಕ್ಯಾಟ್ (ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ) ಬರೆಯಬೇಕಾದರೆ ಮೊದಲ ಸೆಮಿಸ್ಟರ್‌ನಲ್ಲೇ ಜನರಲ್ ಕೆಮಿಸ್ಟ್ರಿ ಶುರುವಾಗಬೇಕು. ಬಯಾಲಜಿ ಜೊತೆಗೇ ನಡೆಯಲಿ. ಫಿಸಿಕ್ಸ್ ಆಮೇಲೂ ಆದೀತು. ಆರ್ಗ್ಯಾನಿಕ್ ಇರುವ ಸೆಮಿಸ್ಟರ್‌ಗೆ ಇನ್ನೆರಡು ಲ್ಯಾಬ್ ಮಾತ್ರ ತುರುಕಬೇಡಿ, ಮಕ್ಕಳು ಸುಸ್ತಾಗಿಬಿಡುತ್ತಾರೆ, ಜಿಪಿಎ (ಸರಾಸರಿ ಗ್ರೇಡ್) ಬೀಳುತ್ತದೆ.

2015ರಿಂದ ಎಂಕ್ಯಾಟ್‌ನಲ್ಲಿ ಸೈಕಾಲಜಿ, ಸೋಷಿಯಾಲಜಿಯೂ ಇದೆ. ಒಂದೊಂದು ಕೋರ್ಸ್ ತಗೊಂಡರೆ ಒಳ್ಳೆಯದು.

ಹೈಸ್ಕೂಲಿನ ಎಪಿ ಕ್ರೆಡಿಟ್ (ಅಲ್ಲೇ ಕಾಲೇಜು ಮಟ್ಟದ ಪರೀಕ್ಷೆ ಬರೆದು ಪಡೆದ ಕ್ರೆಡಿಟ್) ನಂಬಿ ಕೋರ್ಸ್ ಬಿಡುವ ಮುಂಚೆ, ಆಯಾ ಮೆಡಿಕಲ್ ಸ್ಕೂಲ್ ಅದನ್ನು ಒಪ್ಪುತ್ತದೆಯೇ ನೋಡಿ. ಕೆಲವು ಒಪ್ಪುವುದಿಲ್ಲ. ಪ್ರಿ-ಮೆಡ್ ಅಡ್ವೈಸರ್‌ರನ್ನು ಮೊದಲ ತಿಂಗಳಲ್ಲೇ ಭೇಟಿ ಮಾಡಿಸಿ.