ಹವಳ ಮುಖ ಮುಚ್ಚಿಕೊಂಡಾಗ

ಬಸವೇಶ್ವರನಗರದ ನಮ್ಮ ಮನೆ ಹಾಲ್‌ನಲ್ಲಿ 90 ಲೀಟರಿನ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ಹವಳ ಸಾಕುವುದಕ್ಕೆ. ಹೋದ ಏಪ್ರಿಲ್‌ನಲ್ಲಿ ಒಂದು ದಿನ ಕಾಫಿ ಲೋಟ ಹಿಡಿದು ಬಂದ ಹೆಂಡತಿ, "ರೀ, ಇವೆಲ್ಲ ಯಾಕೆ ಮುಖ ಮುಚ್ಕೊಂಡಿವೆ?" ಅಂದಳು. ಲೈಟ್ ಹತ್ತಿ ಎರಡು ಗಂಟೆಯಾಗಿತ್ತು. ಕಲ್ಲಿನ ಮೇಲೆ ಗುಂಪಾಗಿ, ಪುಟ್ಟ ಹೂವಿನ ಹಾಗೆ ಅರಳುವ ಝೋವಾಗಳು ಒಂದೂ ಅರಳಿರಲಿಲ್ಲ. ಅಣಬೆ ಹಾಗಿರುವ ಲೆದರ್ ಹವಳ ತನ್ನ ಎಳೆಗಳನ್ನೆಲ್ಲ ಒಳಗೆಳೆದುಕೊಂಡು, ಸವೆದ ಚಪ್ಪಲಿ ಅಟ್ಟೆಯಂತೆ ಕಾಣುತ್ತಿತ್ತು.

ನನ್ನದು ಮೆತ್ತನೆ ಹವಳಗಳು ಮಾತ್ರ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಆ ತಂಟೆಯೇ ಬೇಡ ಅಂತ ಬಿಟ್ಟಿದ್ದೇನೆ.

ಗಾಬರಿಯಲ್ಲಿ ಮೊದಲು ಮಾಡಿದ್ದೇ ತಪ್ಪು ಕೆಲಸ. ಹುಳ ಬಿದ್ದಿರಬೇಕು ಅಂದುಕೊಂಡು ಒಂದು ಝೋವಾ ಕಲ್ಲನ್ನು ಎತ್ತಿ ಅಯೋಡಿನ್ ದ್ರಾವಣದಲ್ಲಿ ಅದ್ದಿದೆ. ಅದು ಇನ್ನೂ ಮುದುಡಿಕೊಂಡಿತು. ಒಂದು ಮಗುವಿಗೆ ಹೊಟ್ಟೆನೋವು ಬಂದರೆ ಅದು ಏನು ತಿಂತು ಅಂತ ಕೇಳ್ತೀವಿ. ಮದುವೆಮನೆಯಲ್ಲಿ ಉಂಡವರಿಗೆಲ್ಲ ಬಂದರೆ ಅಡುಗೆಮನೆ ನೋಡ್ತೀವಿ, ಅಲ್ವಾ? ಟ್ಯಾಂಕಿನಲ್ಲೂ ಅಷ್ಟೇ. ಎಲ್ಲ ಒಟ್ಟಿಗೆ ಮುಚ್ಚಿದ್ದರೆ ನೀರನ್ನು ಅನುಮಾನಿಸಬೇಕಿತ್ತು.

ನೀರು ಪರೀಕ್ಷಿಸಿದೆ. ಬಿಸಿ 26 ಡಿಗ್ರಿ, ಆಲ್ಕಲಿನಿಟಿ 8, ನೈಟ್ರೇಟ್ 10. ಎಲ್ಲ ಸರಿ. ಹೈಡ್ರೋಮೀಟರ್‌ನಲ್ಲಿ ಉಪ್ಪು 1.025, ಅದೂ ಸರಿ. ನಾನು ಎಡವಿದ್ದು ಇಲ್ಲೇ. ಗೆಳೆಯನೊಬ್ಬ ರಿಫ್ರಾಕ್ಟೋಮೀಟರ್ ತಂದ, ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ. ಮೊದಲು ಅದನ್ನು ಸಾವಿರಕ್ಕೆ 35 ಪಾಲು ಉಪ್ಪಿನ ಅಳತೆ ದ್ರಾವಣ ಹಾಕಿ ಸರಿಮಾಡಿಕೊಂಡ. ಸುಮ್ನೆ ಆರ್‌ಒ ನೀರು ಹಾಕಿ ಸೊನ್ನೆಗೆ ತಂದರೆ ಸಾಲದು ಅನ್ನುವುದು ಅವನ ವಾದ. ಆಮೇಲೆ ನಮ್ಮ ನೀರಿನ ಒಂದು ಹನಿ ಬಿಟ್ಟ. 1.031!

ಹೈಡ್ರೋಮೀಟರ್ ತೊಳೆದು ಬೆಳಕಿಗೆ ಹಿಡಿದರೆ, ನೀರಿನಲ್ಲಿ ಮೇಲೆದ್ದು ಅಳತೆ ತೋರಿಸುವ ಮುಳ್ಳಿನ ಮೇಲೆ ಬೆಳ್ಳಗೆ ಉಪ್ಪು ಗಟ್ಟಿಯಾಗಿ ಕೂತಿತ್ತು. ಭಾರಕ್ಕೆ ಮುಳ್ಳು ಮೇಲೇಳುತ್ತಿರಲಿಲ್ಲ, ಅಳತೆ ಕಡಿಮೆ ತೋರಿಸುತ್ತಿತ್ತು. ಅದನ್ನೇ ನಂಬಿ ಪ್ರತಿ ಸಲ ಹೊಸ ನೀರಿಗೆ ಉಪ್ಪು ಜಾಸ್ತಿ ಕಲಸುತ್ತಾ ಬಂದಿದ್ದೆ. ಬೇಸಿಗೆಯಲ್ಲಿ ಫ್ಯಾನ್ ಗಾಳಿಗೆ ದಿನಾ ಒಂದೂವರೆ ಲೀಟರ್ ಆವಿಯಾಗುತ್ತದೆ. ಹೋಗುವುದು ನೀರು, ಉಪ್ಪಲ್ಲ. ಅದಕ್ಕೆ ಬರೀ ಆರ್‌ಒ ನೀರು ತುಂಬುತ್ತೇನೆ. ಆ ಲೆಕ್ಕ ತಪ್ಪಿರಲಿಲ್ಲ.

ಉಪ್ಪನ್ನು ಒಂದೇ ದಿನದಲ್ಲಿ ಇಳಿಸುವಂತಿಲ್ಲ, ಹವಳದ ಮೈ ತಡೆಯುವುದಿಲ್ಲ. ದಿನಕ್ಕೆ ಎರಡು ಲೀಟರ್ ಟ್ಯಾಂಕ್ ನೀರು ತೆಗೆದು ಅಷ್ಟೇ ಆರ್‌ಒ ನೀರು ನಿಧಾನಕ್ಕೆ ಬಿಟ್ಟೆ. ಒಂದು ವಾರಕ್ಕೆ 1.026ಕ್ಕೆ ಬಂತು. ಝೋವಾಗಳು ಒಂದೊಂದಾಗಿ ಅರಳಿದವು.

ಲೆದರ್ ಮಾತ್ರ ಬಿಮ್ಮನೆ ಕೂತಿತ್ತು. ಮೈಮೇಲೆ ಮೇಣದ ಪೊರೆ ಹೊಳೆಯುತ್ತಿತ್ತು. ಈ ಜಾತಿ ಆಗಾಗ ಹೀಗೆ ಪೊರೆ ಬಿಡುತ್ತದೆ, ಅದು ರೋಗವಲ್ಲ. ಪಂಪಿನ ಮೂತಿ ಸ್ವಲ್ಪ ಅದರ ಕಡೆ ತಿರುಗಿಸಿದೆ. ನಾಲ್ಕನೇ ದಿನ ಪೊರೆ ಹಾಳೆಯಂತೆ ಕಿತ್ತುಕೊಂಡು ಹೋಯಿತು.

ಉಳಿದದ್ದು ಒಂದು ಝೋವಾ ಗುಂಪು, ನಾನು ಅಯೋಡಿನ್‌ನಲ್ಲಿ ಅದ್ದಿದ್ದೇ. ಪಕ್ಕದ್ದೆಲ್ಲ ಅರಳಿದೆ, ಇದು ಮಾತ್ರ ಇಲ್ಲ. ಹಾಗಾದರೆ ತೊಂದರೆ ಈ ಕಲ್ಲಿನದ್ದೇ. ರಾತ್ರಿ ಹನ್ನೊಂದಕ್ಕೆ, ಹಾಲ್ ಕತ್ತಲೆ ಮಾಡಿ, ಕೆಂಪು ಕಾಗದ ಕಟ್ಟಿದ ಟಾರ್ಚ್ ಬಿಟ್ಟೆ. ಝೋವಾ ಅಂಚಿನ ಎಳೆಗಳು ಅಂದುಕೊಂಡಿದ್ದರಲ್ಲಿ ಒಂದು ಮೆಲ್ಲಗೆ ನಡೆಯಿತು! ಝೋವಾ ತಿನ್ನುವ ನುಡಿಬ್ರಾಂಕ್, ಚಿಪ್ಪಿಲ್ಲದ ಬಸವನಹುಳ. ತಿಂದ ಝೋವಾದ ಬಣ್ಣವೇ ಅದಕ್ಕೂ ಬರುವುದರಿಂದ ಹಗಲಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅಂದರೆ ನನ್ನ ಮೊದಲ ಅನುಮಾನ ಪೂರ್ತಿ ಸುಳ್ಳಲ್ಲ. ಮನೆಯಲ್ಲಿ ಇದನ್ನು ಎರಡು ಸಲ ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಕೈಗವಸು, ಕನ್ನಡಕ ಹಾಕಿಕೊಂಡೇ ಕಲ್ಲನ್ನು ಬಕೆಟ್‌ಗೆ ತೆಗೆದೆ. ಕೆಲವು ಝೋವಾಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಕಲ್ಲನ್ನು ಕುದಿಸಲಂತೂ ಹೋಗಲೇಬೇಡಿ. ಕೋರಲ್ ಡಿಪ್‌ನಲ್ಲಿ, ಅಂದರೆ ಹವಳದ ಹುಳ ಉದುರಿಸುವ ದ್ರಾವಣದಲ್ಲಿ, ಅದ್ದಿ ಅಲ್ಲಾಡಿಸಿದರೆ ಐದು ಹುಳ ಉದುರಿದವು. ಆದರೆ ಡಿಪ್ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಕಲ್ಲಿನ ಅಡಿಯಲ್ಲಿ ಬಿಳಿ ಸುರುಳಿಯಾಗಿ ಅಂಟಿರುತ್ತವೆ, ಚಿಮಟದಿಂದ ಎಬ್ಬಿಸಬೇಕು. ವಾರ ಬಿಟ್ಟು ಮತ್ತೆ ಅದ್ದಿದೆ, ಎರಡು ಮರಿ ಸಿಕ್ಕವು. ಮೂರನೇ ವಾರ ಹುಳ ಇಲ್ಲ, ಇನ್ನೊಂದು ಸುರುಳಿ ಮಾತ್ರ. ಆ ಕಲ್ಲಿನ ಇಪ್ಪತ್ತು ಝೋವಾಗಳಲ್ಲಿ ಹನ್ನೊಂದು ಉಳಿದಿವೆ.