ಜಂಪ್‌ಸ್ಟಾರ್ಟ್ ಎಡವಟ್ಟಾದ ಮೇಲೆ ಕಾರನ್ನು ಪರೀಕ್ಷಿಸುವುದು ಹೇಗೆ?

ಬ್ಯಾಟರಿ ಇಳಿದುಹೋದ ಕಾರಿಗೆ ಪಕ್ಕದ ಕಾರಿನಿಂದ ಕೇಬಲ್ ಎಳೆದು, ಪ್ಲಸ್ಸಿಗೆ ಮೈನಸ್ ತಗುಲಿಸಿ, ಚಟ್ಟನೆ ಕಿಡಿ ಹಾರಿದ ಮೇಲೆ ಒಳಗಿನ ಪುಟ್ಟ ದೀಪವೂ ಉರಿಯದಂತಾದ ಕಾರುಗಳನ್ನು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ಮೂರು ಬಾರಿ ನೋಡಿದ್ದೇನೆ. ಮೂರೂ ಸಲ ಸುತ್ತ ನಿಂತವರ ತೀರ್ಪು ಒಂದೇ ಆಗಿತ್ತು: 'ಇಸಿಎಂ ಹೋಯಿತು,' ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಸುಟ್ಟಿತು. ನಿಜಕ್ಕೂ ಎರಡು ಕಾರುಗಳಲ್ಲಿ ಸುಟ್ಟಿದ್ದು ಒಂದೊಂದು ಫ್ಯೂಸು, ಮೂರನೆಯದರಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಡೈನಮೋದ ಡಯೋಡ್ ಪ್ಲೇಟು. ಆದರೆ ಆ ಮೂರನೆಯ ಕಾರಿನವರು ಇದು ಗೊತ್ತಾಗುವ ಹೊತ್ತಿಗೆ ಹೊಸ ಬ್ಯಾಟರಿ ಕೊಂಡು, ಎರಡು ಫ್ಯೂಸು ಸುಟ್ಟು, ಟೋಯಿಂಗ್ ಗಾಡಿಗೂ ಹಣ ಕೊಟ್ಟಾಗಿತ್ತು. ಅಳೆಯದೆ ಬಿಡಿಭಾಗ ಬದಲಿಸುವುದೇ ಇಲ್ಲಿನ ದೊಡ್ಡ ಖರ್ಚು. ಸಾಧಾರಣ ಬೆಲೆಯ ಡಿಜಿಟಲ್ ಮಲ್ಟಿಮೀಟರ್, 10ನೇ ನಂಬರಿನ ಸ್ಪ್ಯಾನರ್ ಮತ್ತು ಒಂದು ಟಾರ್ಚ್ ಇದ್ದರೆ ಮುಂದಿನ ಬಹುಪಾಲು ಪರೀಕ್ಷೆಗಳನ್ನು ನೀವೇ ಮಾಡಬಹುದು.

ಮೊದಲು ಮುಟ್ಟದೆ ನೋಡಿ

ಕೇಬಲ್ ಬಿಡಿಸಿ, ಕೀಲಿ ತೆಗೆದು, ಹತ್ತು ನಿಮಿಷ ಬಿಡಿ. ಬ್ಯಾಟರಿಯ ಪಕ್ಕಗಳು ಉಬ್ಬಿದ್ದರೆ, ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿದ್ದರೆ ಅಥವಾ ಆಸಿಡ್ ಒಸರಿದ್ದರೆ ಅದನ್ನು ಮತ್ತೆ ಚಾರ್ಜ್ ಮಾಡುವ ಯೋಚನೆಯನ್ನೇ ಬಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಹಾಗೇನೂ ಇಲ್ಲದಿದ್ದರೆ ಮೈನಸ್ ಟರ್ಮಿನಲ್ಲನ್ನು ಮೊದಲು ಸಡಿಲಿಸಿ ಕಳಚಿ. ಪ್ಲಸ್ಸನ್ನು ಮೊದಲು ಬಿಚ್ಚಹೋದರೆ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿ ಎರಡನೆಯ ಕಿಡಿ ಹಾರುತ್ತದೆ.

ತಪ್ಪು ಆಗಿದ್ದೇ ಹೌದೇ ಎಂಬುದನ್ನೂ ಈಗಲೇ ಖಚಿತಪಡಿಸಿಕೊಳ್ಳಿ. ಹಳೆಯ ಟರ್ಮಿನಲ್ಲುಗಳ ಮೇಲೆ ಹೂವಿನಂತೆ ಬೆಳೆದ ಬಿಳಿ-ಹಸಿರು ಪುಡಿ ಪ್ಲಸ್-ಮೈನಸ್ ಗುರುತನ್ನು ಮುಚ್ಚಿಬಿಡುತ್ತದೆ, ಕೆಂಪು ಟೋಪಿ ಎಂದೋ ಕಳೆದುಹೋಗಿರುತ್ತದೆ, ಯಾವುದೋ ಗ್ಯಾರೇಜಿನಲ್ಲಿ ಎರಡೂ ಕಡೆ ಕಪ್ಪು ಕೇಬಲ್ಲನ್ನೇ ಹಾಕಿರುತ್ತಾರೆ. ತಂತಿಯ ಬಣ್ಣವನ್ನು ನಂಬಬೇಡಿ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಪುಡಿಯನ್ನು ತೊಳೆದರೆ ಗುರುತು ಕಾಣುತ್ತದೆ. ಎರಡು ಸೀಸದ ಕಂಬಗಳಲ್ಲಿ ತುಸು ದಪ್ಪಗಿರುವುದು ಪ್ಲಸ್.

ಬ್ಯಾಟರಿಯ ವೋಲ್ಟೇಜ್

ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಇಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ತೋರಿಸುತ್ತದೆ, 12.2 ಎಂದರೆ ಅರ್ಧ. ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆ ಎಂದು ತಿಳಿಯಿರಿ. ಅಂಕಿಯ ಮುಂದೆ ಮೈನಸ್ ಚಿಹ್ನೆ ಬಂದರೆ ಕಡ್ಡಿಗಳನ್ನು ಅದಲುಬದಲು ಹಿಡಿದಿಲ್ಲವೆಂದು ಒಮ್ಮೆ ನೋಡಿಕೊಳ್ಳಿ. ಸರಿಯಾಗಿಯೇ ಹಿಡಿದಿದ್ದರೆ, ಪೂರ್ತಿ ಬರಿದಾಗಿದ್ದ ಬ್ಯಾಟರಿ ಉಲ್ಟಾ ಚಾರ್ಜ್ ಆಗಿದೆ ಎಂದರ್ಥ. ಅದನ್ನು ಯಾವ ಕಾರಣಕ್ಕೂ ಕಾರಿಗೆ ಮರಳಿ ಜೋಡಿಸಬೇಡಿ. ಹಳೆಯ ಬ್ಯಾಟರಿಯ ಲೆಕ್ಕದಲ್ಲಿ ಅಂಗಡಿಗೆ ಕೊಡಿ.

ಆದರೆ ಹೊಸ ಬ್ಯಾಟರಿಯನ್ನು ಈಗಲೇ ಕೂರಿಸಬೇಡಿ.

ಮುಖ್ಯ ಫ್ಯೂಸು: ಎಲ್ಲರೂ ಎಡವುವ ಜಾಗ

ಆಲ್ಟರ್ನೇಟರಿನ, ಅಂದರೆ ಗ್ಯಾರೇಜಿನವರು ಇಂದಿಗೂ ಡೈನಮೋ ಎಂದೇ ಕರೆಯುವ ಭಾಗದ ಒಳಗಿರುವ ಡಯೋಡುಗಳು ಬ್ಯಾಟರಿಯ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುತ್ತವೆ. ಪ್ಲಸ್-ಮೈನಸ್ ಅದಲುಬದಲಾದ ಕ್ಷಣ ಅದೇ ಡಯೋಡುಗಳು ದಾರಿ ಬಿಟ್ಟುಕೊಟ್ಟು, ನೂರಾರು ಆಂಪಿಯರ್ ಅವುಗಳ ಮೂಲಕ ನುಗ್ಗುತ್ತದೆ. ಆ ದಾರಿಯ ನಡುವೆ ಇರುವುದೇ ಮುಖ್ಯ ಫ್ಯೂಸು. ಅದು ಬೇಗ ಸುಟ್ಟರೆ ಡಯೋಡು ಉಳಿಯುತ್ತದೆ, ತಡ ಮಾಡಿದರೆ ಡಯೋಡೂ ಹೋಗುತ್ತದೆ.

ಕಾರಿನ ಒಳಗೆ, ಸ್ಟಿಯರಿಂಗ್ ಕೆಳಗಿರುವ ಪೆಟ್ಟಿಗೆಯಲ್ಲಿ ಇದನ್ನು ಹುಡುಕಿ ಸಮಯ ಕಳೆಯಬೇಡಿ. ಇದು ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ, ಕೆಲವು ಕಾರುಗಳಲ್ಲಿ ಪ್ಲಸ್ ಟರ್ಮಿನಲ್ಲಿನ ತಲೆಯ ಮೇಲೇ, ಬೋಲ್ಟ್ ಹಾಕಿ ಬಿಗಿದಿರುತ್ತದೆ. ಮೇಲೆ 80, 100 ಅಥವಾ 120 ಎಂಬಂಥ ಅಂಕಿ ಇರುತ್ತದೆ. ಇದರ ಪಾರದರ್ಶಕ ಮುಚ್ಚಳದೊಳಗೆ ಇಣುಕಿ 'ಚೆನ್ನಾಗಿದೆ' ಎನ್ನುವವರೇ ಹೆಚ್ಚು. ಒಳಗಿನ ಪಟ್ಟಿ ಕೂದಲೆಳೆಯಷ್ಟು ಸೀಳಿದ್ದರೆ ಕಣ್ಣಿಗೆ ಕಾಣುವುದಿಲ್ಲ. ನಾನು ಮೇಲೆ ಹೇಳಿದ ಎರಡನೆಯ ಕಾರಿನಲ್ಲಿ ಮೂವರು ಟಾರ್ಚ್ ಬಿಟ್ಟು ನೋಡಿ ಪಾಸು ಮಾಡಿದ್ದ ಫ್ಯೂಸು ಮೀಟರಿನ ಮುಂದೆ ಸದ್ದೇ ಮಾಡಲಿಲ್ಲ. ಆದ್ದರಿಂದ ಬ್ಯಾಟರಿಯ ಮೈನಸ್ ಕಳಚಿಟ್ಟ ಸ್ಥಿತಿಯಲ್ಲೇ ಮೀಟರನ್ನು ಬೀಪ್ ಸದ್ದು ಬರುವ ಕಂಟಿನ್ಯೂಟಿಗೆ ಇಟ್ಟು, ಫ್ಯೂಸಿನ ಎರಡೂ ತುದಿಯ ಲೋಹಕ್ಕೆ ಕಡ್ಡಿ ಒತ್ತಿ. ಬೀಪ್ ಬರದಿದ್ದರೆ ಸುಟ್ಟಿದೆ.

ಕಾರಿನ ಲಕ್ಷಣವೂ ಸುಳಿವು ಕೊಡುತ್ತದೆ. ಒಳ್ಳೆಯ ಬ್ಯಾಟರಿ ಇದ್ದೂ ಒಂದು ದೀಪವೂ ಇಲ್ಲವೆಂದರೆ ಮುಖ್ಯ ಫ್ಯೂಸೇ ಮೊದಲ ಆರೋಪಿ. ಸೆಲ್ಫ್ ಹೊಡೆದು, ಎಂಜಿನ್ ಓಡಿ, ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಆರದೆ ಉಳಿದರೆ ಡೈನಮೋದ ಫ್ಯೂಸು ಅಥವಾ ಡೈನಮೋ. ಸೆಲ್ಫ್ ಹೊಡೆದೂ ಎಂಜಿನ್ ಹತ್ತಿಕೊಳ್ಳದಿದ್ದರೆ ಇಸಿಎಂ ಅಥವಾ ಪೆಟ್ರೋಲ್ ಪಂಪಿನ ಸಣ್ಣ ಫ್ಯೂಸು, ರಿಲೇಗಳನ್ನು ನೋಡಬೇಕು.

ಬದಲಿಸುವ ಮೊದಲು ಡಯೋಡನ್ನು ಪರೀಕ್ಷಿಸಲೇಬೇಕು. ಡೈನಮೋದ ಹಿಂಭಾಗದಲ್ಲಿ ದಪ್ಪ ತಂತಿ ಸೇರುವ ಬೋಲ್ಟಿನಿಂದ ಆ ತಂತಿಯನ್ನು ಬಿಡಿಸಿ, ಮೀಟರನ್ನು ಡಯೋಡ್ ಚಿಹ್ನೆಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಡೈನಮೋದ ಲೋಹದ ಮೈಗೆ, ಕಪ್ಪನ್ನು ಆ ಬೋಲ್ಟಿಗೆ ಒತ್ತಿ. ಸುಮಾರು 0.8ರಿಂದ 1 ವೋಲ್ಟ್ ತೋರಿಸಬೇಕು. ಕಡ್ಡಿಗಳನ್ನು ಬದಲಿಸಿದಾಗ ಏನೂ ತೋರಿಸಬಾರದು. ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಡಯೋಡ್ ಶಾರ್ಟ್ ಆಗಿದೆ, ನೀವು ಹಾಕುವ ಹೊಸ ಫ್ಯೂಸು ಬ್ಯಾಟರಿ ಜೋಡಿಸಿದ ಕ್ಷಣವೇ ಸುಡುತ್ತದೆ. ಮೂರನೆಯ ಕಾರಿನವರಿಗೆ ಎರಡು ಸಲ ಆಗಿದ್ದು ಇದೇ. ಬೋಲ್ಟಿಗೆ ಕೈ ಎಟುಕದಿದ್ದರೆ ಈ ಒಂದು ಕೆಲಸಕ್ಕೆ ಆಟೊ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಬಹಳಷ್ಟು ಡೈನಮೋಗಳಲ್ಲಿ ಡಯೋಡ್ ಪ್ಲೇಟನ್ನು ಮಾತ್ರ ಬದಲಿಸಬಹುದು. ಇಡೀ ಡೈನಮೋ ಕೊಳ್ಳಿ ಎನ್ನುವವರ ಮಾತಿಗೆ ತಕ್ಷಣ ಒಪ್ಪಬೇಡಿ.

ಬೋಲ್ಟ್ ಇರುವ ಫ್ಯೂಸನ್ನು ಇಕ್ಕಳದಿಂದ ಎಳೆಯಬಾರದು. ಎಳೆದರೆ ಪೆಟ್ಟಿಗೆಯ ಬುಡ ಸೀಳುತ್ತದೆ, ಆಮೇಲೆ ಇಡೀ ಪೆಟ್ಟಿಗೆಯನ್ನೇ ಕೊಳ್ಳಬೇಕಾಗುತ್ತದೆ. ಪೆಟ್ಟಿಗೆಯ ಕ್ಲಿಪ್ಪು ಬಿಡಿಸಿ, ಅಡಿಯಿಂದ ಅಥವಾ ಪಕ್ಕದಿಂದ ಬೋಲ್ಟ್ ಬಿಚ್ಚಿ ತೆಗೆಯಿರಿ. ಹೊಸದು ಅದೇ ಅಂಕಿಯ, ಅದೇ ಆಕಾರದ್ದೇ ಆಗಿರಬೇಕು, ಮತ್ತು ಬೋಲ್ಟ್ ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ಅಲ್ಲೇ ಕಾದು ಪ್ಲಾಸ್ಟಿಕ್ ಕರಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಯಾವ ಕಾರಿನ ಫ್ಯೂಸಾದರೂ ಸಿಕ್ಕೀತು, ಆದರೆ ಈ ಒಂದು ವಸ್ತುವಿನಲ್ಲಿ ನಾನು ಕಾರು ಕಂಪನಿಯ ಸ್ಪೇರ್ ಪಾರ್ಟ್ಸ್ ಕೌಂಟರನ್ನು ಬಿಟ್ಟು ಬೇರೆಡೆ ಕೊಳ್ಳುವುದಿಲ್ಲ. ನಕಲಿ ಫ್ಯೂಸಿನ ಮೇಲೆ 100 ಎಂದು ಬರೆದಿದ್ದರೆ ಅದು ಎಷ್ಟಕ್ಕೆ ಸುಡುತ್ತದೆ ಎಂಬುದು ಮುಂದಿನ ಅವಘಡದಲ್ಲಷ್ಟೇ ತಿಳಿಯುತ್ತದೆ. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿ 'ಮನೆ ತಲುಪಿಸುವ' ಉಪಾಯವಂತೂ ಕಾರಿಗೆ ಬೆಂಕಿ ಹಚ್ಚುವ ಉಪಾಯ.

ಉಳಿದ ಫ್ಯೂಸುಗಳು

ಸಣ್ಣ ಫ್ಯೂಸುಗಳನ್ನು ಒಂದೊಂದಾಗಿ ಕಂಟಿನ್ಯೂಟಿಯಲ್ಲಿ ನೋಡಿ, ಸುಟ್ಟದ್ದನ್ನು ಅದೇ ಬಣ್ಣದ್ದರಿಂದ ಬದಲಿಸಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಹಳದಿ ಹೊದಿಕೆಯ ಏರ್‌ಬ್ಯಾಗ್ ತಂತಿಗಳಿಗೆ ಮೀಟರಾಗಲಿ ಟೆಸ್ಟ್ ಲ್ಯಾಂಪಾಗಲಿ ತಗುಲಿಸಬಾರದು.

ಬ್ಯಾಟರಿ ಜೋಡಿಸಿದ ಮೇಲೆ

ಪ್ಲಸ್ ಮೊದಲು, ಮೈನಸ್ ಕೊನೆಗೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರಬೇಕು. 12ರ ಸುತ್ತಲೇ ನಿಂತು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. ಹೆಡ್‌ಲೈಟ್ ಹಾಕಿ ಅದೇ ಜಾಗದಲ್ಲಿ ಮೀಟರನ್ನು ಎಸಿಗೆ ತಿರುಗಿಸಿ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಒಂದು ಡಯೋಡಾದರೂ ಕೆಟ್ಟಿದೆ. ಹಾಗೆ ಸೋರುವ ಡಯೋಡು ರಾತ್ರಿಯೆಲ್ಲಾ ಬ್ಯಾಟರಿಯನ್ನು ಕುಡಿದು ಬೆಳಗ್ಗೆ ಮತ್ತೆ ಜಂಪ್‌ಸ್ಟಾರ್ಟ್ ಕೇಳುತ್ತದೆ.

ಡೈನಮೋ ಪರೀಕ್ಷಿಸಲು ಓಡುತ್ತಿರುವ ಎಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಳಚುವ ಹಳೇ ಮೇಸ್ತ್ರಿಗಳಿದ್ದಾರೆ. ಅಂಬಾಸಡರ್ ಕಾಲಕ್ಕೆ ಅದು ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಆ ಕ್ಷಣಕ್ಕೆ ಏರುವ ವೋಲ್ಟೇಜು, ಉಲ್ಟಾ ಕೇಬಲ್ಲಿಗೂ ಬದುಕುಳಿದ ಇಸಿಎಂ ಅನ್ನು ಕೊಲ್ಲಬಲ್ಲದು. ಹಾಗೆ ಮಾಡಲು ಬಂದವರ ಕೈ ಹಿಡಿದು ನಿಲ್ಲಿಸಿ.

ಗಡಿಯಾರ ಸೊನ್ನೆಯಾಗುವುದು, ಸ್ಟೀರಿಯೊ ಕೋಡ್ ಕೇಳುವುದು, ಕಿಟಕಿಯ ಆಟೊ ಮರೆತುಹೋಗುವುದು ದೋಷಗಳಲ್ಲ. ಚೆಕ್ ಎಂಜಿನ್, ಏರ್‌ಬ್ಯಾಗ್ ಅಥವಾ ಪವರ್ ಸ್ಟಿಯರಿಂಗ್ ದೀಪ ಆರದಿದ್ದರೆ ಸ್ಕ್ಯಾನರ್ ಹಾಕಿಸಿ, ಅದು ತೋರಿಸುವ ದೋಷದ ಕೋಡುಗಳನ್ನು ಬರೆದಿಟ್ಟುಕೊಂಡು ಅಳಿಸಿ, ಒಂದು ದಿನ ಓಡಿಸಿ ಮತ್ತೆ ನೋಡಿ. ವೋಲ್ಟೇಜ್ ಕುಸಿದಿದ್ದಕ್ಕೆ ಬಂದ ಕೋಡುಗಳು ಮರಳುವುದಿಲ್ಲ. ಮರಳಿ ಬಂದ ಕೋಡಿನ ಫ್ಯೂಸು, ಅರ್ಥಿಂಗ್ ಎರಡೂ ಸರಿಯಿದ್ದಾಗ ಮಾತ್ರ ಇಸಿಎಂ ಮಾತೆತ್ತಬೇಕು. ವಿಮೆಯನ್ನು ನಂಬಿ ಹೊಸ ಇಸಿಎಂಗೆ ಆರ್ಡರ್ ಕೊಡುವ ಮೊದಲು ಪಾಲಿಸಿ ಓದಿ. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಯಾಂತ್ರಿಕ ಮತ್ತು ಎಲೆಕ್ಟ್ರಿಕಲ್ ಕೆಡುಕುಗಳನ್ನು ಹೊರಗಿಟ್ಟಿರುತ್ತಾರೆ.

ಕೊನೆಯದಾಗಿ, ಕರೆಂಟು ಕೊಟ್ಟ ಕಾರನ್ನೂ ಇದೇ ಮೀಟರಿನಿಂದ ಅಳೆಯಿರಿ. ಅದರ ಡೈನಮೋ ಫ್ಯೂಸು ಸುಟ್ಟಿದ್ದರೂ ಕಾರು ಸಲೀಸಾಗಿ ಸ್ಟಾರ್ಟ್ ಆಗಿ ಹೊರಟುಹೋಗುತ್ತದೆ, ಬ್ಯಾಟರಿಯಲ್ಲಿ ಉಳಿದಷ್ಟು ದೂರ ಓಡಿ ನಿಲ್ಲುತ್ತದೆ. ನಮ್ಮ ಮೊದಲನೆಯ ಪ್ರಕರಣದಲ್ಲಿ ಸಹಾಯಕ್ಕೆ ಬಂದಿದ್ದ ನೆರೆಮನೆಯವರು ಮರುದಿನ ಸಂಜೆ ಮಳೆಯಲ್ಲಿ ವೈಪರ್ ನಿಂತು, ಫ್ಲೈಓವರಿನ ನಡುಮಧ್ಯದಿಂದ ಫೋನ್ ಮಾಡಿದ್ದರು.