ವಂಶವೃಕ್ಷ ಕೈಕೊಟ್ಟಿತು, ಅಂಗೈ ಕೈಹಿಡಿಯಿತು

‘ನಾಲ್ಕು ವರ್ಷದ ಮಕ್ಕಳಿಗೆ ಪ್ರೀತಿ ಅಂದರೆ ಏನು ಅಂತ ಹೇಳಿಕೊಡ್ತೀರಾ? ಮೊದಲು ಮೂಗು ಒರೆಸಿಕೊಳ್ಳೋದು ಹೇಳಿಕೊಡಿ’ ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ನಾನು ಮಕ್ಕಳ ಮನೆಗೆ ಕಳಿಸಿದ ಚೀಟಿಯ ನಕಲನ್ನು ಈ ವರ್ಷ ಕೇಳಿದ್ದಾರೆ. ಹಾಗಾಗಿ, ಪ್ರೀತಿ, ಕುಟುಂಬ, ‘ನನ್ನಲ್ಲಿ ಏನು ವಿಶೇಷ’ ಅನ್ನುವುದನ್ನೆಲ್ಲ ನನ್ನ ತರಗತಿಯ ಪುಟಾಣಿಗಳಿಗೆ ಕಲಿಸಲು ಮೂರು ವರ್ಷ ಏನೇನು ಮಾಡಿ ನೋಡಿದೆ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ, ಮೂರು ವರ್ಷ ನಗೆಪಾಟಲಾದವರ ಜಂಬ ಇದು.

ಮೊದಲ ವರ್ಷ ನಾನೂ ಎಲ್ಲರ ಹಾಗೆ ಮರ ಬರೆದೆ. ದೊಡ್ಡ ಚಾರ್ಟು, ಕೊಂಬೆಗೊಂದು ಎಲೆ, ಎಲೆಗೊಂದು ಫೋಟೊ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯ ಫೋಟೊ ಕಳಿಸಿ ಅಂತ ಮನೆಮನೆಗೆ ಚೀಟಿ ಹೋಯಿತು. ಆಗ ತರಗತಿಯಲ್ಲಿ 24 ಮಕ್ಕಳೋ 25 ಮಕ್ಕಳೋ ಇದ್ದರು. ಫೋಟೊ ಬಂದದ್ದು ಒಂಬತ್ತು ಮನೆಯಿಂದ. ಚಿಕ್ಕಮ್ಮನ ಜೊತೆ ಬೆಳೆಯುತ್ತಿದ್ದ ಒಬ್ಬ ಪುಟ್ಟ ಹುಡುಗ ಖಾಲಿ ಉಳಿದ ಎರಡು ಎಲೆಗಳನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದ. ‘ಪರವಾಗಿಲ್ಲ ಪುಟ್ಟಾ’ ಅಂದೆ. ಪರವಾಗಿಲ್ಲ ಅಂತ ಅವನಿಗೆ ಅನ್ನಿಸಿರಲಿಲ್ಲ. ಮೂರನೆಯ ದಿನ ಸಂಜೆ, ಮಕ್ಕಳು ಹೋದ ಮೇಲೆ, ಮರ ಇಳಿಸಿದೆ.

ಎಲೆ ತುಂಬಿದ ಮಕ್ಕಳಿಗಾದರೂ ಏನಾದರೂ ತಿಳಿಯಿತಾ ಅಂತ ಪರೀಕ್ಷಿಸಲು, ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿದ ಸ್ವಿಸ್ ಮನೋವಿಜ್ಞಾನಿ ಪಿಯಾಜೆ 1920ರ ದಶಕದಲ್ಲೇ ಮಕ್ಕಳಿಗೆ ಕೇಳಿದ್ದ ಪ್ರಶ್ನೆಯನ್ನು ಕೇಳಿ ನೋಡಿದೆ. ‘ನಿನಗೆ ಅಣ್ಣ ಇದ್ದಾನಾ?’ ‘ಇದ್ದಾನೆ.’ ‘ನಿನ್ನ ಅಣ್ಣನಿಗೆ ತಮ್ಮ ಇದ್ದಾನಾ?’ ‘ಇಲ್ಲ.’ ಎದೆಯುಬ್ಬಿಸಿ ಹೇಳಿದ ಉತ್ತರ ಅದು. ನೂರು ವರ್ಷದ ಹಿಂದಿನ ಮಕ್ಕಳೂ ಹೀಗೇ ಹೇಳಿದ್ದರು. ಸಂಬಂಧ ಎರಡೂ ಕಡೆಯಿಂದ ನಡೆಯುತ್ತೆ ಅನ್ನುವುದು ಆ ವಯಸ್ಸಿಗೆ ಎಟುಕುವುದಿಲ್ಲ. ನಮ್ಮ ಕನ್ನಡದಲ್ಲಂತೂ ಆ ಕಡೆಗೆ ಅಣ್ಣ, ಈ ಕಡೆಗೆ ತಮ್ಮ ಅಂತ ಪದವೂ ಬೇರೆಬೇರೆ. ಇಷ್ಟಾದ ಮೇಲೂ ಮರದ ಮೇಲೆ ಗೆರೆ ಎಳೆದು ಕುಟುಂಬ ತೋರಿಸುತ್ತೇನೆ ಅಂತ ಹೊರಟಿದ್ದೆನಲ್ಲ!

ಎರಡನೆಯ ವರ್ಷ ದುಡ್ಡು ಸುರಿದೆ. ಬಟ್ಟೆಯಲ್ಲಿ ಹೊಲಿದ ಕುಟುಂಬದ ಬೊಂಬೆಗಳು, ಒಟ್ಟು 11. ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ, ಅದೂ ಸ್ವಂತ ಜೇಬಿನಿಂದ. ಶಾಲೆ ಕೊಡುತ್ತೆ ಅಂದುಕೊಂಡಿದ್ದೆ, ‘ಮೊದಲೇ ಕೇಳಬೇಕಿತ್ತು’ ಅಂದರು. ಬೊಂಬೆಗಳು ನೋಡಲು ಚೆನ್ನಾಗಿದ್ದವು. ಮಕ್ಕಳು ಅಪ್ಪನನ್ನು ಲಾರಿಯ ಡ್ರೈವರ್ ಮಾಡಿದರು, ಅಜ್ಜಿಯನ್ನು ಮರಳಿನಲ್ಲಿ ಹೂತು ಮೇಲೆ ಕೋಲು ನೆಟ್ಟರು. ತಿಂಗಳೊಳಗೆ ಐದು ಬೊಂಬೆಗಳ ಕೈ ಕಿತ್ತುಬಂತು. ಆಟ ಭರ್ಜರಿಯಾಗಿ ನಡೆಯಿತು, ಆದರೆ ಒಂದು ಮಗುವೂ ತನ್ನ ಮನೆಯವರ ಬಗ್ಗೆ ತುಟಿ ಬಿಚ್ಚಲಿಲ್ಲ. ಬೊಂಬೆಗಳ ಕಥೆ ಬೊಂಬೆಗಳದ್ದೇ ಆಗಿತ್ತು.

ಆ ಸಿಟ್ಟಿನಲ್ಲಿ ಅಂಗಿಯ ಹಳೇ ಗುಂಡಿಗಳ ಡಬ್ಬಿ ತಂದು ಸುರಿದೆ, ‘ನಿಮ್ಮ ಮನೆಯಲ್ಲಿ ಯಾರ‍್ಯಾರು ಇದ್ದಾರೋ ಒಬ್ಬೊಬ್ಬರಿಗೂ ಒಂದೊಂದು ಗುಂಡಿ ಆರಿಸಿ’ ಅಂದೆ. ಖರ್ಚು ಸೊನ್ನೆ. ಮಾತು ಮಾತ್ರ ಬೊಂಬೆಗಿಂತ ಹತ್ತು ಪಟ್ಟು. ಒಬ್ಬಳು ಎಲ್ಲಕ್ಕಿಂತ ದೊಡ್ಡ ಗುಂಡಿಯನ್ನು ನಾಯಿಗೆ ಕೊಟ್ಟಳು. ಮನೆಯಲ್ಲಿರುವ ಎಳೆಗೂಸಿಗೆ ಗುಂಡಿಯನ್ನು ಬೋರಲು ಹಾಕಿದಳು. ಕೇಳಿದರೆ, ‘ಶ್‌, ಮಲಗಿದೆ’. ಊರಲ್ಲಿಲ್ಲದ ಅಪ್ಪನ ಗುಂಡಿಯನ್ನು ಇನ್ನೊಬ್ಬ ಕಿಟಕಿಯ ಮೇಲೆ ಇಟ್ಟುಬಂದ. ಈ ಪ್ರಯೋಗವನ್ನು ಮುಂದೆ ಎಳೆಯಬಹುದಿತ್ತು, ನಾನು ಎಳೆಯಲಿಲ್ಲ. ಯಾರಾದರೂ ಮಾಡುವುದಾದರೆ ಮೂರು ವರ್ಷಕ್ಕಿಂತ ಚಿಕ್ಕವರು ಇರುವ ಕಡೆ ಗುಂಡಿ ಬೇಡ, ಸೀದಾ ಬಾಯಿಗೆ ಹೋಗುತ್ತೆ.

ಅದೇ ವರ್ಷ ‘ನನ್ನಲ್ಲಿ ಏನು ವಿಶೇಷ’ ಅನ್ನುವ ವಾರದಲ್ಲಿ ನನ್ನ ಅತಿ ದೊಡ್ಡ ಸೋಲು. ಹೊಳೆಯುವ ಕಾಗದದ ಕಿರೀಟ ಮಾಡಿದೆ, ಮೇಲೆ ‘ನಾನು ವಿಶೇಷ’ ಅಂತ ಬರೆದೆ. ಇಡೀ ವಾರ ‘ನೀನು ಜಾಣೆ’, ‘ನೀನು ಚೆಂದ’, ‘ನೀನು ಒಳ್ಳೆಯವನು’ ಅಂತ ಹೊಗಳಿದ್ದೇ ಹೊಗಳಿದ್ದು. ಶುಕ್ರವಾರ ಒಬ್ಬಳನ್ನು ಕೇಳಿದೆ, ‘ನಿನ್ನಲ್ಲಿ ಏನು ವಿಶೇಷ?’ ‘ಕಿರೀಟ’ ಅಂದಳು. ಕಿರೀಟ ತೆಗೆದು ‘ಈಗ?’ ಅಂದೆ. ಸ್ವಲ್ಪ ಯೋಚಿಸಿ, ‘ಈಗ ಇಲ್ಲ’ ಅಂದಳು. ಮೇಲ್ವಿಚಾರಣೆಗೆ ಬಂದವರೊಬ್ಬರು ಹಿಂದೆಯೇ ನಿಂತು ಇದನ್ನು ಕೇಳಿಸಿಕೊಂಡರು. ಅವರ ವರದಿಯಲ್ಲಿ ಏನಿತ್ತು ಅಂತ ಹೇಳಬೇಕಾಗಿಲ್ಲ. ‘ಜಾಣ’ ಅಂತ ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತರೆ ಬೇಗ ಕೈಚೆಲ್ಲುತ್ತಾರೆ, ‘ಕಷ್ಟಪಟ್ಟು ಮಾಡಿದೆ’ ಅನ್ನಿಸಿಕೊಂಡವರು ಮುಂದುವರಿಸುತ್ತಾರೆ ಅಂತ ಮನೋವಿಜ್ಞಾನಿಗಳಾದ ಮ್ಯುಲರ್ ಮತ್ತು ಡ್ವೆಕ್ 1998ರಲ್ಲೇ ತೋರಿಸಿದ್ದರು. ತರಬೇತಿಯಲ್ಲಿ ನಾವೆಲ್ಲ ಬರೆದುಕೊಂಡದ್ದೇ. ಬರೆದುಕೊಂಡ ಪುಸ್ತಕ ಕಪಾಟಿನಲ್ಲಿತ್ತು, ನಾನು ಕತ್ತರಿ ಹಿಡಿದು ಕಿರೀಟ ಕತ್ತರಿಸುತ್ತಿದ್ದೆ.

ದಾರಿ ಸಿಕ್ಕಿದ್ದು ಶೂ ಲೇಸಿನಿಂದ. ಒಬ್ಬಳಿಗೆ ಲೇಸ್ ಕಟ್ಟುತ್ತಿದ್ದೆ. ‘ಮಿಸ್, ನಮ್ಮಜ್ಜಿ ಹೀಗೆ ಕಟ್ಟಲ್ಲ. ಮೊದಲು ಎರಡು ಕಿವಿ ಮಾಡ್ತಾಳೆ. ಆಮೇಲೆ ಕಿವಿಗೆ ಕಿವಿ ಕಟ್ತಾಳೆ. ಆಮೇಲೆ ನನ್ನ ಕಾಲಿಗೆ ಟಪ್ ಅಂತ ಹೊಡೀತಾಳೆ, ಆಯ್ತು ಅಂತ.’ ಹಿಂದಿನ ದಿನ ಇದೇ ಹುಡುಗಿಗೆ ‘ನಿಮ್ಮಜ್ಜಿ ಅಂದರೆ ನಿನಗೆ ಯಾಕೆ ಇಷ್ಟ’ ಅಂತ ಕೇಳಿದ್ದೆ. ‘ಗೊತ್ತಿಲ್ಲ’ ಅಂದಿದ್ದಳು. ‘ಯಾಕೆ’ಗೆ ಉತ್ತರ ಇರಲಿಲ್ಲ, ‘ಹೇಗೆ’ಗೆ ಇಷ್ಟುದ್ದ ಉತ್ತರ ಇತ್ತು. ಆ ರಾತ್ರಿ ಹಾಳೆ ತೆಗೆದು ಪ್ರೀತಿ, ಕುಟುಂಬ, ವಿಶೇಷ ಅನ್ನುವ ನಾಮಪದಗಳನ್ನೆಲ್ಲ ಹೊಡೆದುಹಾಕಿ ಬರೀ ಕ್ರಿಯಾಪದ ಬರೆದೆ.

ಮೂರನೆಯ ವರ್ಷ ಶುರುವಾದದ್ದು ಕೈಗಳಿಂದ. ಒಂದು ಬದಿ ಬಳಸಿದ ಹಾಳೆಗಳು, ಒಂದು ಸೀಸದ ಕಡ್ಡಿ. ಮನೆಗೆ ಹೋದ ಚೀಟಿಯಲ್ಲಿ ಅಪ್ಪ ಅಮ್ಮ ಅನ್ನುವ ಪದವೇ ಇಲ್ಲ. ‘ಮಗುವಿನ ದಿನದಲ್ಲಿ ಕೈಯಾಡಿಸುವವರು ಯಾರಾದರೂ ಸರಿ, ಎಷ್ಟು ಜನರಾದರೂ ಸರಿ. ಹಾಳೆಯ ಮೇಲೆ ಕೈ ಇಡಿ, ಸುತ್ತ ಗೆರೆಯನ್ನು ಮಗುವೇ ಎಳೆಯಲಿ.’ ಕೊನೆಯ ಮಾತಿಗೆ ಎರಡು ಸಲ ಅಡಿಗೆರೆ ಹಾಕಿದ್ದೆ. ದೊಡ್ಡವರೇ ಗೆರೆ ಎಳೆದರೆ ಅರ್ಧ ನಿಮಿಷದ ಕೆಲಸ. ಮಗು ಎಳೆದರೆ ಐದಾರು ನಿಮಿಷ ಹಿಡಿಯುತ್ತೆ, ಅಷ್ಟು ಹೊತ್ತು ಆ ಕೈ ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ. ಅರ್ಧ ಪಾಠ ಅಲ್ಲೇ ಆಗಿಹೋಗಿರುತ್ತೆ.

26 ಮಕ್ಕಳಲ್ಲಿ ಮೊದಲ ವಾರ 19 ಜನ ಕೈ ತಂದರು, ಎರಡನೆಯ ವಾರಕ್ಕೆ 25. ಉಳಿದ ಒಬ್ಬ ಬೆಳಿಗ್ಗೆ ಬಂದ ಕೂಡಲೇ ಯಾರ ಹತ್ತಿರ ಓಡುತ್ತಾನೆ ಅಂತ ನೋಡಿಟ್ಟಿದ್ದೆ. ಗೇಟು ತೆಗೆಯುವ ತಾತನ ಹತ್ತಿರ. ಅವರ ಕೈಗೇ ಗೆರೆ ಎಳೆದ. ಒಂದು ಮನೆಯಿಂದ ಏಳು ಕೈ ಬಂದವು, ಒಂದು ಬೆಕ್ಕಿನದು. ಬೆರಳುಗಳ ಸಂಖ್ಯೆ ಲೆಕ್ಕ ಹಾಕಬೇಡಿ. ಒಂದು ಕೈಗೆ ಒಂಬತ್ತು ಬೆರಳಿತ್ತು.

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ‘ಈ ಕೈ ಏನು ಮಾಡುತ್ತೆ?’ ಅಂತ ಕೇಳುವುದು, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವುದು. ವ್ಯಾಕರಣ ತಿದ್ದಬಾರದು. ‘ಈ ಕೈ ಬೆನ್ನು ಕೆರೆಯುತ್ತೆ, ಆದ್ರೆ ಬೇರೆ ಕಡೆ ಕೆರೆಯುತ್ತೆ.’ ‘ಈ ಕೈ ಲೈಟ್ ಆರಿಸುತ್ತೆ, ಮತ್ತೆ ಬಂದು ನನ್ನ ಮೂಗು ಹುಡುಕುತ್ತೆ.’ ‘ಈ ಕೈ ಬಿಸಿ ಇರುತ್ತೆ.’ ‘ಈ ಕೈ ಫೋನ್ ಹಿಡ್ಕೊಂಡಿರುತ್ತೆ.’ ಕೊನೆಯದು ಗೋಡೆಗೆ ಹತ್ತಿದ ಮರುದಿನ ಆ ಕೈಯ ಯಜಮಾನರೇ ಬಂದು ‘ಇದನ್ನು ತೆಗೀಬಹುದಾ?’ ಅಂತ ಮೆಲ್ಲಗೆ ಕೇಳಿದರು. ತೆಗೆಯಲಿಲ್ಲ, ಅವರ ಮಗಳನ್ನೇ ಕೇಳಿ ಅಂದೆ. ವಾರದ ಮೇಲೆ ಅವಳೇ ಕೆಳಗೆ ಇನ್ನೊಂದು ಸಾಲು ಬರೆಸಿದಳು, ‘ಕೆಲವು ಸಲ ಕೆಳಗಿಡುತ್ತೆ.’

‘ಹೊಡೆಯುತ್ತೆ’ ಅನ್ನುವ ಉತ್ತರವೂ ಬರುತ್ತೆ, ಅದಕ್ಕೆ ತಯಾರಾಗಿಯೇ ಕೂರಬೇಕು. ನನಗೆ ಎರಡು ಬಂದವು. ಮುಖ ಬದಲಿಸದೆ ಅದೇ ಮಾತುಗಳಲ್ಲಿ ಬರೆದುಕೊಂಡೆ, ಹೇಳಿದ್ದು ಒಳ್ಳೆಯದಾಯಿತು ಅಂದೆ. ಯಾರು, ಯಾಕೆ, ಎಷ್ಟು ಸಲ ಅಂತ ಕೆದಕಲಿಲ್ಲ. ನಮ್ಮ ಪ್ರಶ್ನೆಯೇ ಮಗುವಿನ ಬಾಯಿಗೆ ಉತ್ತರ ತುರುಕಿಬಿಡಬಹುದು. ಆ ಹಾಳೆಗಳು ಗೋಡೆಗೆ ಹೋಗಲಿಲ್ಲ, ಅದೇ ದಿನ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರ ಕೈ ಸೇರಿದವು. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಬೊಂಬೆಯಿಂದಾಗಲಿ ಮರದಿಂದಾಗಲಿ ಆಗದ್ದು ಆದದ್ದು ಇನ್ನೊಂದು ಹಂತದಲ್ಲಿ. ಹಾಳೆ ಮಗುಚಿ, ಮಗುವಿನ ಕೈಗೆ ಗೆರೆ ಎಳೆದು, ‘ನಿನ್ನ ಕೈ ಅವರಿಗೆ ಏನು ಮಾಡುತ್ತೆ?’ ಅಂದರೆ ಮೌನ. ನಾಲ್ಕು ದಿನ ಮೌನ. ಪಿಯಾಜೆಯ ಅಣ್ಣ-ತಮ್ಮ ಮತ್ತೆ ಅಡ್ಡ ನಿಂತಿದ್ದರು. ಐದನೆಯ ದಿನ ಒಬ್ಬ ಓಡೋಡಿ ಬಂದ, ‘ಮಿಸ್, ತಾತನ ಕನ್ನಡಕ ಹುಡುಕಿ ಕೊಟ್ಟೆ! ತಾತನ ತಲೆ ಮೇಲೇ ಇತ್ತು!’ ಅಲ್ಲಿಂದ ಶುರುವಾಯಿತು ನೋಡಿ. ಎರಡು ವಾರದಲ್ಲಿ ಬಾಯಿ ಬಿಡದವರು ಮೂರೋ ನಾಲ್ಕೋ ಉಳಿದರು. ಅವರಿಗೆ ಈ ಪ್ರಶ್ನೆಯನ್ನೇ ಸ್ವಲ್ಪ ತಿರುಚಿ ಕೇಳುತ್ತೇನೆ, ಬಾಯಿ ಬಿಡದ ಮಗುವನ್ನು ಈವರೆಗೆ ಕಂಡಿಲ್ಲ. ಹೇಗೆ ತಿರುಚುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಕಿರೀಟದ ಜಾಗಕ್ಕೆ ಬಂದದ್ದು ‘ನೋಡಿದೆ’ ಆಟ. ದಿನಕ್ಕೊಂದು ಮಗು ನಡುವೆ ಕೂರುತ್ತೆ, ಉಳಿದವರು ಆ ಮಗುವಿನ ಬಗ್ಗೆ ‘ನಾನು ನೋಡಿದೆ’ ಅಂತ ಶುರುಮಾಡಿ ಒಂದು ಮಾತು ಹೇಳುತ್ತಾರೆ. ಎಂಟು ನಿಮಿಷ ಮೀರಿದರೆ ಒದ್ದಾಟ ಶುರು. ಒಳ್ಳೆಯವಳು, ಜಾಣ ಅನ್ನುವ ಗುಣವಾಚಕಗಳಿಗೆಲ್ಲ ನಿಷೇಧ, ಮೊದಲು ನನಗೆ. ದಿನಕ್ಕೆ ನಾಲ್ಕೈದು ಸಲ ನಾನೇ ಸಿಕ್ಕಿಬೀಳುತ್ತಿದ್ದೆ, ಮಕ್ಕಳಿಗೆ ಅದೇ ಹಬ್ಬ. ಮೊದಲ ವಾರ ‘ನಾನು ನೋಡಿದೆ, ಅವಳ ಚಪ್ಪಲಿ ಕೆಂಪು’ ಥರದ್ದೇ ಬರುತ್ತೆ. ಬರಲಿ ಬಿಡಿ. ಆ ವಯಸ್ಸಿನವರು ತಮ್ಮನ್ನೂ ಹಾಗೇ ವರ್ಣಿಸಿಕೊಳ್ಳುವುದು, ನನ್ನ ಕೂದಲು, ನನ್ನ ಸೈಕಲ್ಲು, ನಾನು ಜೋರಾಗಿ ಓಡ್ತೀನಿ ಅಂತ. ಎರಡನೆಯ ವಾರದಿಂದ ಕಣ್ಣು ಬೇರೆ ಕಡೆ ಹೋಗುತ್ತೆ.

ಕಚ್ಚುವ ಹುಡುಗನೊಬ್ಬನಿದ್ದ. ಅವನ ಸರದಿಯನ್ನು ಎರಡು ಸಲ ಮುಂದೂಡಿದೆ, ಭಯಕ್ಕೆ. ಕೊನೆಗೂ ಕೂರಿಸಿದಾಗ ಯಾರೂ ಬಾಯಿ ತೆರೆಯಲಿಲ್ಲ. ನಾನೇ ಏನಾದರೂ ಹೇಳೋಣ ಅಂತ ನಾಲಿಗೆ ತುದಿಗೆ ತಂದುಕೊಂಡಿದ್ದೆ. ಅಷ್ಟರಲ್ಲಿ ಅವನಿಂದಲೇ ಮೂರು ಸಲ ಕಚ್ಚಿಸಿಕೊಂಡವಳು, ‘ನಾನು ನೋಡಿದೆ, ಇವನು ಇರುವೆ ಸಾಲು ಬಂದಾಗ ದಾಟದೆ ನಿಂತ. ಎಲ್ಲಾ ಹೋಗೋ ತನಕ ನಿಂತ’ ಅಂದಳು. ಅವನು ಕೂತಲ್ಲೇ ಕೆಂಪಾದ. ಕಚ್ಚುವುದು ನಿಂತಿತಾ? ಇಲ್ಲ. ವಾರಕ್ಕೆ ನಾಲ್ಕರಿಂದ ಒಂದಕ್ಕೆ ಇಳಿಯಿತು, ಅದೂ ಈ ಆಟದಿಂದಲೇ ಅನ್ನುವ ಧೈರ್ಯ ನನಗಿಲ್ಲ. ಅವನಿಗೆ ವಯಸ್ಸೂ ಆಗುತ್ತಿತ್ತು, ಮಾತೂ ಬರುತ್ತಿತ್ತು.

ನಡುವೆ ಬೆರಳಚ್ಚಿನ ಪ್ರಯೋಗವೂ ಆಯಿತು. ತರಗತಿಯಲ್ಲಿ ತದ್ರೂಪಿ ಅವಳಿಗಳಿದ್ದರು, ನನಗೇ ಗುರುತು ಸಿಗುತ್ತಿರಲಿಲ್ಲ. ತೊಳೆದರೆ ಹೋಗುವ ಶಾಯಿ, ಒಂದು ಭೂತಗನ್ನಡಿ. ತದ್ರೂಪಿಗಳ ಬೆರಳಚ್ಚೂ ಬೇರೆಬೇರೆಯೇ, ಇವರಿಬ್ಬರ ಹೆಬ್ಬೆಟ್ಟು ಪಕ್ಕಪಕ್ಕ ಇಟ್ಟಾಗ ನಾಲ್ಕು ವರ್ಷದ ಕಣ್ಣಿಗೂ ವ್ಯತ್ಯಾಸ ಕಂಡಿತು. ‘ನೋಡಿ, ನಿಮ್ಮ ಹಾಗೆ ಇನ್ನೊಬ್ಬರಿಲ್ಲ!’ ಅಂತ ನಾಟಕೀಯವಾಗಿ ಘೋಷಿಸಿದೆ. ಒಬ್ಬಳು ಗೊಳೋ ಅಂತ ಅತ್ತಳು, ‘ನಂಗೆ ಅವಳ ಥರದ್ದೇ ಬೇಕು’ ಅಂತ. ಬೇರೆಯಾಗಿರುವುದು ಎಲ್ಲರಿಗೂ ಸಂತೋಷದ ಸುದ್ದಿ ಅಂತ ನಾನು ತಿಳಿದುಕೊಂಡಿದ್ದೆ. ಇಬ್ಬರ ಅಚ್ಚನ್ನೂ ಒಂದರ ಪಕ್ಕ ಒಂದು ಓರೆಯಾಗಿ ಒತ್ತಿಸಿ ಚಿಟ್ಟೆ ಮಾಡಿಕೊಟ್ಟ ಮೇಲೆ ಸಮಾಧಾನ ಆಯಿತು. ಧ್ವನಿ ರೆಕಾರ್ಡ್ ಮಾಡಿ ಕೇಳಿಸಿದ್ದೂ ಉಂಟು. ಗೆಳೆಯರ ದನಿ ಥಟ್ಟನೆ ಗುರುತಿಸಿದವರು ತಮ್ಮ ದನಿಗೆ ‘ಇದು ಯಾರು?’ ಅಂದರು. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುತ್ತಲ್ಲ, ರೆಕಾರ್ಡಿನಲ್ಲಿ ಆ ಪಾಲು ಇರುವುದಿಲ್ಲ. ನಗು ಬಂತು, ಅದಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಒಟ್ಟು ಆರು ವಾರ. ಮೂರನೆಯ ವರ್ಷದ ಇಡೀ ಖರ್ಚು ಒಂದು ಬೊಂಬೆಯ ಬೆಲೆಯ ಕಾಲುಭಾಗಕ್ಕೂ ಬರಲಿಲ್ಲ, ಅದರಲ್ಲಿ ಮುಕ್ಕಾಲು ಪಾಲು ಶಾಯಿಯದು. ಚೀಟಿಯ ನಕಲು ಕೇಳಿದವರಿಗೆ ಕೊಟ್ಟಿದ್ದೇನೆ, ಒಂದು ಸಾಲು ಬಿಟ್ಟು.

ಸದ್ಯ ಸಿಕ್ಕಿಕೊಂಡಿರುವುದು ಇನ್ನೂ ಚಿಕ್ಕವರ ತರಗತಿಯಲ್ಲಿ. ಎರಡೂವರೆ, ಮೂರು ವರ್ಷದವರಿಗೆ ಗೆರೆ ಎಳೆಯಲು ಕೈ ಕೂರುವುದಿಲ್ಲ, ಸುತ್ತುಸುತ್ತಾಗಿ ಗೀಚಿ ಹಾಳೆ ಹರಿಯುತ್ತಾರೆ. ಅದಕ್ಕೆ ಹಸಿ ಜೇಡಿಮಣ್ಣಿನ ಬಿಲ್ಲೆ ಮಾಡಿ, ದೊಡ್ಡ ಕೈ ಒತ್ತಿಸಿ, ಅದರೊಳಗೆ ಪುಟ್ಟ ಕೈ ಒತ್ತಿಸಿ ನೋಡಿದೆ. ಒತ್ತುವಾಗ ಅದ್ಭುತ. ಒಣಗುವಾಗ 14ರಲ್ಲಿ 11 ಬಿರುಕು ಬಿಟ್ಟವು, ಹೆಚ್ಚಿನವು ಸರಿಯಾಗಿ ಅಂಗೈ ನಡುವೆ. ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ಇಟ್ಟರೂ ಅಷ್ಟೇ. ಬಿರುಕು ಬಿಡದಂತೆ ಒಣಗಿಸುವುದು ಯಾರಿಗಾದರೂ ಗೊತ್ತಿದ್ದರೆ ಹೇಳಿ. ಬದಲಿಗೆ ಆ ತಿರುಚಿದ ಪ್ರಶ್ನೆಯನ್ನು ನಾನು ಹೇಳುತ್ತೇನೆ.